ಹೊರದೇಶದಲ್ಲಿ ಹುತ್ತರಿ: ಬಕೆಟ್ಟಿನ ಕದಿರು, ಅಂಗಡಿಯ ಬಾಳೆಹಣ್ಣು

ಕೊಡಗಿನ ಕೊಡವರ ಸುಗ್ಗಿ ಹಬ್ಬ ಪುತ್ತರಿ, ಎಂದರೆ ಹೊಸ ಅಕ್ಕಿ. ಕನ್ನಡದ ಬಾಯಲ್ಲಿ ಹುತ್ತರಿ. ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವರ ಸನ್ನಿಧಿಯಲ್ಲಿ ನೆರೆ (ಎಲೆಗಳ ಕಟ್ಟು) ಕಟ್ಟುವುದಕ್ಕೆ, ಕದಿರು (ಭತ್ತದ ತೆನೆ) ತೆಗೆಯುವುದಕ್ಕೆ, ಊಟಕ್ಕೆ ಬೇರೆ ಬೇರೆ ಮುಹೂರ್ತ ಗೊತ್ತುಮಾಡುತ್ತಾರೆ. ಹೊರದೇಶದಲ್ಲಿರುವ ಕೊಡಗಿನವರು ಎಡವುವುದು ಇಲ್ಲೇ. ಕೊಡಗಿನ ರಾತ್ರಿ 8.50 ಎಂದರೆ ಕ್ಯಾಲಿಫೋರ್ನಿಯಾದಲ್ಲಿ ಬೆಳಗಿನ 7.20, ಸಿಡ್ನಿಯಲ್ಲಿ ನಡುರಾತ್ರಿ 2.20. ಬೆಳದಿಂಗಳ ಹಬ್ಬವನ್ನು ಆಫೀಸಿಗೆ ಹೊರಡುವ ಹೊತ್ತಲ್ಲಿ ಮಾಡಿ ಏನು ಚೆಂದ? ಹುಣ್ಣಿಮೆ ಚಂದ್ರ ಯಾವ ಊರಲ್ಲೂ ಮುಸ್ಸಂಜೆಗೇ ಮೂಡುತ್ತಾನೆ. ಇದ್ದ ಊರಿನ ಸಂಜೆಯನ್ನೇ ಹಿಡಿಯುವುದು ಲೇಸು.

ಊರಿಂದ ತೆನೆ ಕಟ್ಟಿಕೊಂಡು ಹೋಗುವ ಆಸೆ ಬೇಡ. ಹೊಟ್ಟಿರುವ ಭತ್ತ, ಹುಲ್ಲು ಅಮೆರಿಕ, ಆಸ್ಟ್ರೇಲಿಯಾಗಳ ವಿಮಾನ ನಿಲ್ದಾಣ ದಾಟುವುದಿಲ್ಲ. ಅಲ್ಲಿನ ಬೀಜವನ್ನೇ ತಂದು ಬೆಳೆಯಬೇಕು. ಉತ್ತರ ಅಮೆರಿಕದಲ್ಲಾದರೆ ಏಪ್ರಿಲಿನಲ್ಲಿ ಮನೆಯೊಳಗೆ ಸಸಿ ಮಾಡಿ, ಚಳಿ ಕಳೆದ ಮೇಲೆ ತೂತಿಲ್ಲದ ಬಕೆಟ್ಟಿಗೆ ನೆಟ್ಟು, ಮಣ್ಣಿನ ಮೇಲೆ ಎರಡಂಗುಲ ನೀರು ನಿಲ್ಲಿಸಿ. ಕಡಿಮೆ ದಿನದ ತಳಿಯೇ ಆಗಬೇಕು. ತಡವಾಗಿ ಹೂಬಿಟ್ಟು ಆಗ ರಾತ್ರಿ 15 ಡಿಗ್ರಿಗಿಂತ ತಣ್ಣಗಾದರೆ ಕಾಳು ಕಟ್ಟದೆ ಬರೀ ಜೊಳ್ಳು. ಸೆಪ್ಟೆಂಬರಿಗೆ ಬಲಿತರೆ ಕೊಯ್ಯಬೇಡಿ. ನೀರು ಬಸಿದು ಬಕೆಟ್ಟನ್ನೇ ಒಳಗಿಡಿ. ಒಣಗಿದ್ದರೂ ಬೇರಿನ ಮೇಲೆ ನಿಂತ ಪೈರಿದ್ದರೆ ಹಬ್ಬದ ರಾತ್ರಿ ‘ಪೊಲಿ ಪೊಲಿ ದೇವಾ’ (ಹೆಚ್ಚಲಿ, ಹೆಚ್ಚಲಿ ದೇವರೇ) ಎಂದು ಕುಡುಗೋಲು ಹಾಕಲು ಏನಾದರೂ ಇರುತ್ತದೆ. ಕೊಯ್ಯುವ ತೆನೆಗಳ ಲೆಕ್ಕ ಬೆಸವಾಗಿರಲಿ. ಕದಿರು ತೆಗೆಯುವಾಗ ಹಾರಿಸುವ ಕೋವಿಯ ಸದ್ದು ಮಾತ್ರ ಕೊಡಗಿಗೇ ಸರಿ. ಕೊಡವರಿಗೆ ಕೋವಿ ಲೈಸೆನ್ಸಿನ ವಿನಾಯಿತಿ ಇರುವುದು ಭಾರತದಲ್ಲಿ.

ಹಬ್ಬದೂಟದ ಹುತ್ತರಿ ಗೆಣಸಿಗೆ ಫಿಲಿಪೀನ್ಸ್ ಅಂಗಡಿಯ ನೇರಳೆ ‘ಉಬೆ’ ನಡೆಯುತ್ತದೆ, ಆದರೆ ಇಡೀ ಗೆಡ್ಡೆಯೇ ಬೇಕು. ಫ್ರೀಜರಿನ ತುರಿ ಬೇಯಿಸಿದರೆ ಅಂಟಂಟು. ಸಿಪ್ಪೆ ತೆಗೆಯುವಾಗ ಕೈ ತುರಿಸೀತು, ಎಣ್ಣೆ ಸವರಿಕೊಳ್ಳಿ.

ಬಾಳೆಹಣ್ಣು, ಹುರಿದಕ್ಕಿ ಪುಡಿಯ ಹಬ್ಬದ ಸಿಹಿ ತಂಬುಟ್ಟು ಕೆಡುವುದು ಹಣ್ಣಿನಿಂದ. ಹೊರದೇಶದ ಬಾಳೆಹಣ್ಣಿಗೆ ನೀರಂಶ ಜಾಸ್ತಿ, ಸಿಹಿ ಕಡಿಮೆ. ಸಿಪ್ಪೆ ತುಂಬ ಕರಿ ಚುಕ್ಕೆ ಬರುವವರೆಗೆ ಕಾಯಬೇಕು. ಕುಸುಬಲಕ್ಕಿಯನ್ನು ಅರಳುವಷ್ಟು ಹುರಿದು, ಚೂರು ಮೆಂತ್ಯ, ಏಲಕ್ಕಿ ಜೊತೆ ಪುಡಿ ಮಾಡಿಟ್ಟುಕೊಳ್ಳಿ. ಮೂರು ಹಣ್ಣು ಕಿವುಚಿ ಚಿಟಿಕೆ ಉಪ್ಪು ಹಾಕಿ, ಸುಮಾರು ಒಂದು ಲೋಟ ಪುಡಿಯನ್ನು ಹಿಡಿ ಹಿಡಿಯಾಗಿ ಸೇರಿಸಿ. ಕಲಸಿದ ಕೂಡಲೇ ಸಡಿಲವೆನಿಸಿದರೆ ಮತ್ತೆ ಪುಡಿ ಸುರಿಯಬೇಡಿ. ಹತ್ತು ನಿಮಿಷ ಬಿಟ್ಟರೆ ತಾನೇ ನೀರು ಹೀರಿ ಗಟ್ಟಿಯಾಗುತ್ತದೆ, ಅವಸರಪಟ್ಟರೆ ಮಣ್ಣುಂಡೆ. ತಟ್ಟೆಯಲ್ಲಿ ನಡುವೆ ಗುಳಿ ಮಾಡಿ ತುಪ್ಪ ಹೊಯ್ದು, ಕಾಯಿತುರಿ, ಹುರಿದ ಎಳ್ಳು ಉದುರಿಸಿ.