ಅವ್ವನ ಹತ್ತಿರ ಎರಡು ತಾಸು ಕೂಡುವವರು

ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ಬಂದವರೆಲ್ಲ ಹೇಳುವ ಮಾತು ಒಂದೇ: "ನಿನ್ನ ಆರೋಗ್ಯಾನೂ ನೋಡ್ಕೋಬೇ ತಂಗಿ." ಹೇಳಿ, ಚಹಾ ಕುಡಿದು, ಎದ್ದು ಹೋಗುತ್ತಾರೆ. ಹೆಂಗ ನೋಡ್ಕೋಬೇಕ್ರಿ? ಮಧ್ಯಾಹ್ನ ಎರಡು ತಾಸು ಅವ್ವನ ಹತ್ತಿರ ಯಾರಾದರೂ ಕೂತರೆ ನೋಡಿಕೊಂಡೇನು.

ನಾನು ಬಾಗಲಕೋಟೆಯ ನವನಗರದಲ್ಲಿ ಮನೆಯಲ್ಲೇ ಜಂಪರ್ ಹೊಲಿಯುತ್ತೇನೆ. ಅವ್ವನಿಗೆ ಡಿಮೆನ್ಶಿಯಾ. ಧಾರವಾಡದ ಮಾನಸಿಕ ಆರೋಗ್ಯದ ದವಾಖಾನೆ ಡಿಮ್ಹಾನ್ಸ್‌ನಲ್ಲಿ ಮೊದಲು ರಕ್ತ ತೆಗೆದು ಬಿ12, ಥೈರಾಯ್ಡ್ ನೋಡಿದರು. ಅವುಗಳಲ್ಲಿ ಏರುಪೇರಾದರೂ ಮರೆವು ಬರುತ್ತದಂತೆ, ಅದಾದರೆ ಔಷಧಕ್ಕೆ ಬಗ್ಗುತ್ತದಂತೆ. ಎರಡೂ ಸರಿ ಇದ್ದವು. ಆಮೇಲೆ ಸ್ಕ್ಯಾನ್, ಗುಳಿಗೆ. ಗುಳಿಗೆಯಿಂದ ಕಾಯಿಲೆ ವಾಸಿಯಾಗುವುದಿಲ್ಲ ಎಂದೂ ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು.

ಸಂಜೆಯಾದರೆ ಅವ್ವ ಗಂಟು ಕಟ್ಟುತ್ತಾಳೆ. "ಏಳ, ಮನಿಗೆ ಹೋಗೂಣು." ಆ ಮನೆ ಇದ್ದದ್ದು ಹಳೇ ಬಾಗಲಕೋಟೆಯಲ್ಲಿ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದಾಗ ಅವ್ವ ಇನ್ನೂ ಲಂಗದ ಹುಡುಗಿ. ಆ ಅಣೆಕಟ್ಟಿನಿಂದ ಘಟಪ್ರಭೆಯ ಹಿನ್ನೀರು ಓಣಿಗೆ ಬಂದಾಗ ಮಕ್ಕಳ ತಾಯಿ. "ಮನಿ ಮುಳುಗೇತಬೇ" ಎಂದರೆ ಆಕೆಗೆ ಅದು ಪ್ರತಿ ಸಂಜೆಯೂ ಹೊಸ ಸುದ್ದಿ, ಹೊಸ ಅಳು. ಈಗ ಹಾಗೆ ಹೇಳುವುದಿಲ್ಲ. "ಅಲ್ಲಿ ಯಾರ್ಯಾರು ಅದಾರಬೇ?" ಎಂದು ಕೇಳುತ್ತೇನೆ. ಪಡಸಾಲೆಯ ಕಂಬ, ಗ್ವಾದಲಿಗೆ ಕಟ್ಟಿದ ಎಮ್ಮೆ, ತನ್ನ ಅತ್ತೆಯ ಬೈಗುಳ, ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ.

ಒಮ್ಮೆ ಗಂಟು ಹಿಡಿದು ಹೊರಟೇಬಿಟ್ಟಳು. ನವನಗರದ ಸೆಕ್ಟರ್‌ಗಳಲ್ಲಿ ನೆಟ್ಟಗಿದ್ದವರಿಗೇ ದಾರಿ ತಪ್ಪುತ್ತದೆ. ಆಟೋ ಸ್ಟ್ಯಾಂಡಿನ ಹುಡುಗನೊಬ್ಬ ಗುರುತು ಹಿಡಿದು ಕರೆತಂದ. ಅಂದಿನಿಂದ ಆಟೋದವರಿಗೆ, ಔಷಧದ ಅಂಗಡಿಗೆ, ಹಾಲಿನವನಿಗೆ, ಎದುರುಮನೆಗೆ ಕಾಯಿಲೆಯ ಹೆಸರು ಹೇಳಿಯೇ ತಿಳಿಸಿದ್ದೇನೆ. ಅವ್ವನ ಪ್ರತಿ ಜಂಪರಿನ ಒಳಗೆ ಬಿಳಿ ಪಟ್ಟಿ ಹಚ್ಚಿ ನನ್ನ ಫೋನ್ ನಂಬರ್ ಹೊಲಿದಿದ್ದೇನೆ. "ಊರಿಗೆಲ್ಲಾ ಯಾಕ ಹೇಳ್ತಿ? ಮಂದಿ ಏನಂದಾರು?" ಎಂದು ಪುಣೆಯಲ್ಲಿರುವ ಅಣ್ಣ ಸಿಟ್ಟಾದ. ಅವ್ವ ಕಳೆದರೆ ಹುಡುಕುವವರು ಆ ಮಂದಿಯೇ.

ಸ್ತ್ರೀಶಕ್ತಿ ಸಂಘದ ವಾರದ ಸಭೆಗೆ ಹೋಗಲಾಗದೆ ನಾನು ದಂಡ ಕಟ್ಟುತ್ತಿದ್ದೆ. ಕಡೆಗೆ ಅಧ್ಯಕ್ಷೆ ಅಕ್ಕಾರೇ ಅಂದರು: "ನಿನಗ ಬರಾಕ ಆಗಲಿಲ್ಲಂದ್ರ ಸಭಾನ ನಿಮ್ಮ ಮನಿಗೆ ಬರ್ತೈತಿ ತಗೋ." ಈಗ ಸಭೆ ನಮ್ಮ ಪಡಸಾಲೆಯಲ್ಲೇ. ಅವ್ವ ನಡುವೆ ಕೂತು ಶೇಂಗಾ ಸುಲಿಯುತ್ತಾಳೆ. ಕಾಳು ಸಿಪ್ಪೆಯಲ್ಲಿ, ಸಿಪ್ಪೆ ಕಾಳಿನಲ್ಲಿ, ಯಾರೂ ತಿದ್ದುವುದಿಲ್ಲ. ಅಷ್ಟರಲ್ಲಿ ನಾನು ತಲೆಗೆ ನೀರು ಹಾಕಿಕೊಂಡು ಬರುತ್ತೇನೆ. ಅವ್ವ ಒಬ್ಬಳೇ ಇದ್ದಾಗ ಇಷ್ಟಕ್ಕೂ ಬಾಗಿಲು ಚಿಲಕ ಹಾಕುವ ಧೈರ್ಯ ನನಗಿಲ್ಲ.

ಅಲ್ಲೇ ಒಂದು ದಿನ, ಉಳಿತಾಯದ ಲೆಕ್ಕ ಮುಗಿದ ಮೇಲೆ, ಒಬ್ಬಾಕೆ ಹಿಂದೆ ಉಳಿದಳು. "ನಮ್ಮ ಮಾವನೋರೂ ಹಿಂಗs ಅದಾರ" ಎಂದಳು. ವರ್ಷಗಟ್ಟಲೆ ಒಂದೇ ಚಾಪೆಯ ಮೇಲೆ ಕೂತವರು ನಾವು, ನನಗೆ ಗೊತ್ತಿರಲಿಲ್ಲ. ಮಾವ ಸೊಸೆಯ ಕೈಲಿ ಸ್ನಾನ ಮಾಡಿಸಿಕೊಳ್ಳುವುದಿಲ್ಲ, ಗಂಡನಿಗೆ ಅಂಗಡಿ. ಆಕೆಯ ಮುಂದೆ ನಾನು, "ಒಮ್ಮೊಮ್ಮೆ ಅವ್ವನ ಮ್ಯಾಲ ಕೈ ಎತ್ತುವಷ್ಟು ಸಿಟ್ಟು ಬರ್ತೈತಿ" ಎಂದೆ. ಆಕೆ ಗಾಬರಿಯಾಗಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. "ನನಗೂ" ಎಂದಳು. ಈಗ ಮಂಗಳವಾರ ಆಕೆ ನಮ್ಮ ಮನೆಗೆ, ಶುಕ್ರವಾರ ನಾನು ಅವರ ಮನೆಗೆ. ಈ ಒಪ್ಪಂದಕ್ಕೆ ರಿಜಿಸ್ಟರ್ ಇಲ್ಲ, ದಂಡವೂ ಇಲ್ಲ.

ರೊಟ್ಟಿ ಬಡಿಯುವುದನ್ನು ಬಿಟ್ಟು ಓಣಿಯ ರೊಟ್ಟಿ ಅಕ್ಕನ ಹತ್ತಿರ ಕೊಳ್ಳುತ್ತೇನೆ. ಮನೆಯ ಹೆಣ್ಣುಮಗಳು ರೊಟ್ಟಿ ಕೊಳ್ಳುವುದೇ ಎಂದು ಮೂಗು ಮುರಿದವರಿದ್ದಾರೆ; ಮುರಿಯಲಿ. ಗುಳೇದಗುಡ್ಡದ ಚಿಗವ್ವ ಮೊದಲು ಬಸ್ ಚಾರ್ಜಿಗೆ ಹಿಂದೆ ಮುಂದೆ ನೋಡುತ್ತಿದ್ದಳು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಆಧಾರ್ ಕಾರ್ಡ್ ಕುಪ್ಪಸದಲ್ಲಿಟ್ಟುಕೊಂಡು ಮನಸ್ಸಾದಾಗ ಬರುತ್ತಾಳೆ. ಅಕ್ಕ ತಂಗಿ ಇಬ್ಬರೂ ಹಳೇ ಹಾಡು ಹಿಡಿದರೆ ಅವ್ವನಿಗೆ ಒಂದು ಸಾಲೂ ಮರೆತಿರುವುದಿಲ್ಲ.

ಯಾರೂ ಇಲ್ಲದ ಸರಿರಾತ್ರಿಗಳಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ. ಹಗಲೂ ರಾತ್ರಿ, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ನಾನು ಅವ್ವನ ವಿಷಯ ಹೇಳಲು ಫೋನ್ ಮಾಡಿದ್ದು. ಅವರು "ನೀವು ನಿದ್ದಿ ಮಾಡ್ತೀರೇನ್ರಿ?" ಎಂದು ನನ್ನನ್ನೇ ಕೇಳಿದರು.

ಅಣ್ಣನೂ ಬದಲಾಗಿದ್ದಾನೆ, ಅರ್ಧ. ವಿಡಿಯೋ ಕಾಲ್‌ನಲ್ಲಿ ಬದಾಮಿ ತಿನ್ನಿಸು, ವಾಕಿಂಗ್ ಮಾಡಿಸು ಎನ್ನುತ್ತಿದ್ದವನಿಗೆ ನಾನೇ ಎರಡು ಕೆಲಸ ಹಚ್ಚಿದೆ. ಒಂದು, ತಿಂಗಳ ಡೈಪರ್ ಅವನದು, ಅದು ಬರುತ್ತಿದೆ. ಇನ್ನೊಂದು, ಹೋಳಿ ಹಬ್ಬಕ್ಕೆ ಊರಿಗೆ ಬರಬೇಕು. ಬಾಗಲಕೋಟೆಯ ಹೋಳಿ ಅಂದರೆ ಗೊತ್ತಲ್ಲ, ದಿನಗಟ್ಟಲೆ ಹಲಗೆ ಬಡಿತ, ಬಣ್ಣ. ಆ ಸಪ್ಪಳಕ್ಕೆ ಅವ್ವ ಹೆದರಿ ಮೂಲೆ ಹಿಡಿಯುತ್ತಾಳೆ. "ನೋಡೂಣು" ಎಂದಿದ್ದಾನೆ.

ನವನಗರ, ವಿದ್ಯಾಗಿರಿ, ಹಳೇ ಊರು, ಎಲ್ಲಿಯವರೇ ಇರಲಿ, ಮನೆಯಲ್ಲಿ ಇಂಥ ಹಿರಿಯರಿದ್ದರೆ ಅವರ ಜಂಪರ್, ಅಂಗಿ ತಗೊಂಡು ಬರ್ರಿ. ಒಳಗೆ ನಂಬರ್ ಹೊಲಿದು ಕೊಡುತ್ತೇನೆ, ದುಡ್ಡು ಬ್ಯಾಡ. ಮಂಗಳವಾರ ಬಂದರೆ ಇಬ್ಬರೂ ಸಿಗುತ್ತೇವೆ.