ಅತ್ರಿಯ ಮಗನ ಊರಲ್ಲಿ ಗ್ರಹಣ

ಆ ದೀಪಾವಳಿಗೆ ನಮ್ಮ ಮನೆಯಲ್ಲಿ ಶೇಂಗಾ ಹೋಳಿಗೆ ಮಿಕ್ಕಿಬಿಟ್ಟಿತ್ತು. 2022ರ ಅಕ್ಟೋಬರ್ 24, ಸೋಮವಾರ ರಾತ್ರಿ ಲಕ್ಷ್ಮೀಪೂಜೆ. ಮರುದಿನ ಅಮಾವಾಸ್ಯೆ, ಸಂಜೆಗೆ ಸೂರ್ಯಗ್ರಹಣ. ಪಾಡ್ಯ ಬುಧವಾರಕ್ಕೆ ಹೋಯಿತು. ಹಬ್ಬದ ನಡುವೆ ಒಂದು ದಿನ ಉಪವಾಸ ಬಂದು ಕೂತರೆ ಮಾಡಿದ್ದನ್ನು ತಿನ್ನೋರು ಯಾರು?

ಸೋಮವಾರ ರಾತ್ರಿ ಆರತಿ ಮುಗಿದ ಮೇಲೆ ಅವ್ವ ಹೇಳಿದಳು: "ನಾಳಿಗಿ ಗಾಣಗಾಪುರಕ್ಕ ಹೋಗೋಣು. ಸಂಗಮದಾಗ ಗ್ರಹಣದ ಸ್ನಾನ ಮಾಡಬೇಕಂತ ಭಾಳ ವರ್ಷದ ಆಸೆ ಅದ."

ಅವ್ವನಿಗೆ ಅರವತ್ತೆಂಟು. ಸಕ್ಕರೆ ಕಾಯಿಲೆ ಹದಿನೈದು ವರ್ಷದಿಂದ ಇದೆ. ನಾನು ಪಂಚಾಂಗ ತೆಗೆದು ನೋಡಿದೆ. ಗ್ರಹಣ ಹಿಡಿಯುವುದು ಸಂಜೆ ಐದರ ಆಸುಪಾಸು. ಸೂರ್ಯ ಮುಳುಗುವುದು ಆರಕ್ಕೆ ಸ್ವಲ್ಪ ಮೊದಲು. ಅಂದರೆ ಗ್ರಹಣ ಬಿಡುವ ಮೊದಲೇ ಸೂರ್ಯ ಮುಳುಗುತ್ತಾನೆ. ಇದಕ್ಕೆ ಗ್ರಸ್ತಾಸ್ತ ಅಂತಾರೆ. ಆಚಾರದ ಪ್ರಕಾರ ಮರುದಿನ ಬೆಳಿಗ್ಗೆ ಶುದ್ಧ ಸೂರ್ಯನನ್ನು ನೋಡಿದ ಮೇಲೆಯೇ ಊಟ. ಸೂರ್ಯಗ್ರಹಣಕ್ಕೆ ನಾಲ್ಕು ಯಾಮ ಮೊದಲೇ, ಅಂದರೆ ಹನ್ನೆರಡು ತಾಸು ಮೊದಲೇ ವೇಧ, ಅಂದರೆ ಊಟ ಬಿಡಬೇಕಾದ ಹೊತ್ತು, ಹಿಡಿಯುತ್ತೆ. ಲೆಕ್ಕ ಹಾಕಿದರೆ ಬೆಳಗಿನ ಜಾವದಿಂದ ಮರುದಿನ ಬೆಳಗಿನವರೆಗೆ ಉಪವಾಸ! ನಾನು ಬೇಡ ಅಂದೆ. ಅವ್ವ ಕೇಳಿಸಿಕೊಳ್ಳಲೇ ಇಲ್ಲ. ಆಗಲೇ ಹೋಳಿಗೆ ಡಬ್ಬಿಗೆ ದರ್ಭೆ ಹಾಕುತ್ತಿದ್ದಳು.

ನಮ್ಮ ಮನೆಯಲ್ಲಿ ಗ್ರಹಣಕ್ಕೂ ದೀಪಾವಳಿಗೂ ಹಳೇ ನಂಟು. 1995ರ ಅಕ್ಟೋಬರ್ 24, ಅವತ್ತೂ ದೀಪಾವಳಿ ಅಮಾವಾಸ್ಯೆ, ಅವತ್ತೂ ಮಂಗಳವಾರ. ನನಗೆ ಹತ್ತು ವರ್ಷ. ರಾಜಸ್ಥಾನ, ಉತ್ತರಪ್ರದೇಶದ ಕಡೆ ಪೂರ್ತಿ ಕತ್ತಲಾದ ಗ್ರಹಣ ಅದು. ಕಲಬುರಗಿಯಲ್ಲಿ ಪಾರ್ಶ್ವ. ಬೆಳಿಗ್ಗೆ ಅವ್ವ ಹಿತ್ತಾಳೆ ತಟ್ಟೆಯಲ್ಲಿ ನೀರು ಹಾಕಿ ನಡುವೆ ಒನಕೆ ನಿಲ್ಲಿಸಿದಳು. ಗ್ರಹಣ ಇರುವವರೆಗೆ ಒನಕೆ ನಿಲ್ಲುತ್ತೆ, ಬಿಟ್ಟಕೂಡಲೇ ಬೀಳುತ್ತೆ ಅಂತ ಹೇಳಿದಳು. ನಿಂತಿತು! ನಾನು ಉಸಿರು ಬಿಗಿಹಿಡಿದು ನೋಡುತ್ತಾ ಕೂತಿದ್ದೆ. ಮರುದಿನ ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಅದೇ ತಟ್ಟೆ, ಅದೇ ಒನಕೆ ತೊಗೊಂಡು ಮತ್ತೆ ನಿಲ್ಲಿಸಿದೆ. ಆಗಲೂ ನಿಂತಿತು. ಅಡಿ ಸಪಾಟಾಗಿರುವ ಒನಕೆ ಯಾವ ದಿನವಾದರೂ ನಿಲ್ಲುತ್ತೆ ಅಲ್ವಾ? ಓಡಿಹೋಗಿ ಅವ್ವನನ್ನು ಎಬ್ಬಿಸಿ ಹೇಳಿದೆ. ಅವ್ವ ಕಣ್ಣು ಕೂಡ ಪೂರ್ತಿ ತೆರೆಯಲಿಲ್ಲ. "ನಿನ್ನಿ ತಾನಾಗಿ ನಿಂತಿತ್ತು. ಇವತ್ತು ನೀ ನಿಲ್ಸೀದಿ" ಅಂದಳು.

ಈ ಮಾತಿಗೆ ಇವತ್ತಿಗೂ ನನ್ನ ಹತ್ತಿರ ಉತ್ತರ ಇಲ್ಲ.

ಮಂಗಳವಾರ ಮಧ್ಯಾಹ್ನ ಬಸ್ ಹಿಡಿಯಲು ಹೊರಟಾಗ ಎದುರು ಮನೆಯ ಅಕ್ಕ ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದರು. ಅವರು ಲಿಂಗವಂತರು. "ನಮಗ ಯಾವ ಸೂತಕನೂ ಇಲ್ರಿ, ಕೊರಳಾಗ ಲಿಂಗ ಅದ" ಅಂತ ನಕ್ಕರು. ಶರಣರು ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ ಈ ಐದೂ ಸೂತಕಗಳನ್ನು ಕಿತ್ತೆಸೆದವರು. ಅವರ ದಾರಿಯಲ್ಲಿ ನಡೆಯುವ ಮನೆಗೆ ಗ್ರಹಣದ ಭಯ ಯಾಕೆ? ಅವ್ವನೂ ನಕ್ಕಳು. ಇಬ್ಬರೂ ಮೂವತ್ತು ವರ್ಷದ ಗೆಳತಿಯರು. ಒಬ್ಬರ ರೊಟ್ಟಿ, ಇನ್ನೊಬ್ಬರ ಉಪವಾಸ ಒಂದೇ ಓಣಿಯಲ್ಲಿ ಸುಮ್ನೆ ನಡೆದುಕೊಂಡು ಬಂದಿವೆ.

ಕಲಬುರಗಿಯಿಂದ ಗಾಣಗಾಪುರ ಸುಮಾರು ನಲವತ್ತು ಕಿಲೋಮೀಟರ್. ದಾರಿಯುದ್ದಕ್ಕೂ ತೊಗರಿ ಹೊಲ, ಅಲ್ಲಲ್ಲಿ ಹಳದಿ ಹೂ. ಬಸ್ಸಿನಲ್ಲಿ ಅವ್ವ 1980ರ ಫೆಬ್ರವರಿ 16ರ ಕಥೆ ತೆಗೆದಳು. ಅವತ್ತು ಕಾರವಾರ, ಹುಬ್ಬಳ್ಳಿ, ಗದಗ, ರಾಯಚೂರು ಸಾಲಿನಲ್ಲಿ ಪೂರ್ಣ ಗ್ರಹಣ. ರಾಯಚೂರಿನಲ್ಲಿದ್ದ ಅವಳ ಚಿಗವ್ವ ಹೇಳಿದ್ದಳಂತೆ: ಹಗಲಲ್ಲೇ ಚುಕ್ಕಿ ಕಂಡವು, ಹಕ್ಕಿಗಳು ಗೂಡು ಸೇರಿದವು, ಬೀದಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಅಷ್ಟು ದೊಡ್ಡ ನೋಟವನ್ನು ಜನ ಬಾಗಿಲು ಹಾಕಿಕೊಂಡು ಕಳೆದರಲ್ಲ ಅಂತ ನನಗೆ ಈಗಲೂ ಹೊಟ್ಟೆ ಉರಿಯುತ್ತೆ.

ಊರಿಂದ ಸಂಗಮಕ್ಕೆ ಹೋಗುವ ಆಟೋದಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಆಟೋ ಅಣ್ಣ ಮುಸ್ಲಿಂ. "ನಮ್ಮಲ್ಲೂ ಗ್ರಹಣಕ್ಕ ಬೇರೆ ನಮಾಜ್ ಅದ ಅಮ್ಮಾ" ಅಂದರು. ಪ್ರವಾದಿಯವರ ಎಳೆಯ ಮಗ ಇಬ್ರಾಹಿಂ ತೀರಿಕೊಂಡ ದಿನವೇ ಗ್ರಹಣ ಆಯಿತಂತೆ. ಸೂರ್ಯನೂ ದುಃಖಪಡುತ್ತಿದ್ದಾನೆ ಅಂತ ಜನ ಆಡಿಕೊಂಡರು. ಯಾರ ಸಾವಿಗೂ ಯಾರ ಹುಟ್ಟಿಗೂ ಸೂರ್ಯಚಂದ್ರರಿಗೆ ಗ್ರಹಣ ಹಿಡಿಯಲ್ಲ, ಎದ್ದು ಪ್ರಾರ್ಥನೆ ಮಾಡಿ ಅಂತ ಪ್ರವಾದಿ ಹೇಳಿದರು. ಅವ್ವ ಬಾಡಿಗೆ ಕೊಡುವಾಗ ಹತ್ತು ರೂಪಾಯಿ ಜಾಸ್ತಿ ಕೊಟ್ಟಳು.

ಸಂಗಮದಲ್ಲಿ ಭೀಮೆಗೆ ಅಮರ್ಜಾ ಬಂದು ಸೇರುತ್ತಾಳೆ. ಆರುನೂರು ವರ್ಷದ ಹಿಂದೆ ಶ್ರೀ ನೃಸಿಂಹ ಸರಸ್ವತಿ ಯತಿಗಳು ಇಲ್ಲೇ ಇದ್ದರು. ಅವರನ್ನು ದತ್ತನ ಅವತಾರ ಅಂತ ನಂಬಿ ಜನ ನಿರ್ಗುಣ ಪಾದುಕೆಗೆ ನಮಸ್ಕಾರ ಮಾಡುತ್ತಾರೆ. ದತ್ತ ಇಲ್ಲಿ ದಿನಾ ಮಧ್ಯಾಹ್ನ ಭಿಕ್ಷೆಗೆ ಬರುತ್ತಾನೆ ಅನ್ನುವುದು ನಂಬಿಕೆ. ಅದಕ್ಕೇ ಬಂದವರು ಐದು ಮನೆ ಮಾಧುಕರಿ ಬೇಡುತ್ತಾರೆ, ತಾವೂ ಬೇರೆಯವರಿಗೆ ನೀಡುತ್ತಾರೆ. ಅವತ್ತು ಘಾಟಿನಲ್ಲಿ ಜನ ತುಂಬಿದ್ದರು. ಕನ್ನಡ, ಮರಾಠಿ, ತೆಲುಗು ಎಲ್ಲ ಕಲೆತು ಕೇಳುತ್ತಿತ್ತು.

ಔದುಂಬರದ, ಅಂದರೆ ಅತ್ತಿಮರದ, ಕಟ್ಟೆಯ ಮೇಲೆ ಕೂತಾಗ ನನಗೆ ಹೊಳೆದ ವಿಷಯ ಇದು. ಗ್ರಹಣ ಅಂದಕೂಡಲೇ ನಮಗೆ ರಾಹು ನೆನಪಾಗುತ್ತಾನೆ. ದೇವತೆಗಳ ಸಾಲಿನಲ್ಲಿ ಕದ್ದು ಕೂತು ಅಮೃತ ಕುಡಿದವನು, ಸೂರ್ಯಚಂದ್ರರು ಚಾಡಿ ಹೇಳಿದ್ದಕ್ಕೆ ಹಗೆ ಸಾಧಿಸುವವನು. ಆದರೆ ಋಗ್ವೇದದ ಐದನೇ ಮಂಡಲದ ನಲವತ್ತನೇ ಸೂಕ್ತದಲ್ಲಿ ಇನ್ನೂ ಹಳೇ ಕಥೆ ಇದೆ. ಸ್ವರ್ಭಾನು ಅನ್ನುವ ಅಸುರ ಸೂರ್ಯನನ್ನು ಕತ್ತಲಿಂದ ಹೊಡೆಯುತ್ತಾನೆ. ಗುರುತಿಲ್ಲದ ಜಾಗದಲ್ಲಿ ನಿಂತವರ ಹಾಗೆ ಲೋಕವೆಲ್ಲ ಕಂಗಾಲಾಗುತ್ತೆ. ಆಗ ಅಡಗಿದ್ದ ಸೂರ್ಯನನ್ನು ಹುಡುಕಿ ಕೊಟ್ಟವನು ಅತ್ರಿ ಋಷಿ. ಬೇರೆ ಯಾರಿಂದಲೂ ಅದು ಆಗಲಿಲ್ಲ ಅಂತ ಸೂಕ್ತ ಹೇಳುತ್ತೆ. ಆ ಅತ್ರಿಯ ಮಗನೇ ಅಲ್ವಾ ನಮ್ಮ ದತ್ತಾತ್ರೇಯ! ಎಷ್ಟೋ ಸಲ ಗಾಣಗಾಪುರಕ್ಕೆ ಬಂದಿದ್ದೇನೆ. ಈ ನಂಟು ಒಮ್ಮೆಯೂ ತಲೆಗೆ ಬಂದಿರಲಿಲ್ಲ. ಎಲ್ಲರೂ ದಿಕ್ಕು ತಪ್ಪಿ ನಿಂತಾಗ ಒಬ್ಬ ಮಾತ್ರ ಸೂರ್ಯ ಎಲ್ಲಿ ಹೋದ ಅಂತ ಹುಡುಕಲು ಹೊರಟ.

ಹುಡುಕಿದವರು ಆಮೇಲೂ ಇದ್ದರು. 499ರ ಹೊತ್ತಿಗೆ ಆರ್ಯಭಟ ಸ್ಪಷ್ಟವಾಗಿ ಬರೆದ: ಸೂರ್ಯನನ್ನು ಮುಚ್ಚುವುದು ಚಂದ್ರ, ಚಂದ್ರನನ್ನು ಮುಚ್ಚುವುದು ಭೂಮಿಯ ದೊಡ್ಡ ನೆರಳು. ಹಾಗಾದರೆ ಪ್ರತಿ ಅಮಾವಾಸ್ಯೆಗೂ ಗ್ರಹಣ ಯಾಕಿಲ್ಲ? ಸೂರ್ಯನ ದಾರಿಗಿಂತ ಚಂದ್ರನ ದಾರಿ ಐದು ಡಿಗ್ರಿಯಷ್ಟು ವಾಲಿದೆ, ಅದಕ್ಕೆ. ಎರಡು ದಾರಿ ಕತ್ತರಿಸುವ ಎರಡು ಜಾಗಗಳೇ ರಾಹು, ಕೇತು. ಅವು ಸುಮಾರು ಹದಿನೆಂಟೂವರೆ ವರ್ಷಕ್ಕೆ ಒಂದು ಸುತ್ತು ಹಿಂದಕ್ಕೆ ತಿರುಗುತ್ತವೆ. ಪಂಚಾಂಗದಲ್ಲಿ ರಾಹು ಒಂದೊಂದು ರಾಶಿಯಲ್ಲಿ ಒಂದೂವರೆ ವರ್ಷಕ್ಕಿಂತ ಚೂರು ಹೆಚ್ಚು ಇರುತ್ತಾನಲ್ಲ, ಹನ್ನೆರಡು ರಾಶಿಗೆ ಗುಣಿಸಿ ನೋಡಿ. ಅವ್ವನ ಪಂಚಾಂಗವೂ ನನ್ನ ಮೊಬೈಲೂ ಅವತ್ತು ಹೆಚ್ಚುಕಡಿಮೆ ಒಂದೇ ಹೊತ್ತು ತೋರಿಸಿದ್ದು ಇದಕ್ಕೇ.

ಇಷ್ಟು ಗೊತ್ತಿದ್ದೂ ನಮ್ಮ ಜಿಲ್ಲೆಯಲ್ಲೇ ಏನಾಯಿತು? 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ಬೆಳಿಗ್ಗೆ ನಾನು ಮನೆಯ ಬೇವಿನ ಮರದ ಕೆಳಗೆ ನಿಂತಿದ್ದೆ. ಎಲೆಗಳ ಸಂದಿಯಿಂದ ಬಿದ್ದ ಬೆಳಕಿನ ಚುಕ್ಕಿಗಳೆಲ್ಲ ಕುಡುಗೋಲಿನ ಆಕಾರಕ್ಕೆ ತಿರುಗಿದ್ದವು. ಒಂದೊಂದು ಸಂದಿಯೂ ಒಂದೊಂದು ಸೂರ್ಯನನ್ನು ಅಂಗಳಕ್ಕೆ ಇಳಿಸಿತ್ತು. ಕೈಮುಗಿಯಬೇಕು ಅನ್ನಿಸಿತು. ಅದೇ ಹೊತ್ತಿಗೆ ನಗರದ ಪಕ್ಕದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತಿದ್ದರು. ಗ್ರಹಣದಲ್ಲಿ ಹಾಗೆ ಮಾಡಿದರೆ ವಾಸಿಯಾಗುತ್ತೆ ಅಂತ ಯಾರೋ ಹೇಳಿದ್ದರು. ಟಿವಿಯಲ್ಲಿ ಆ ಮಕ್ಕಳ ಮುಖ ನೋಡಿ ಅವ್ವ ಜಪಮಾಲೆ ಕೆಳಗಿಟ್ಟಳು. ಆ ತಂದೆತಾಯಿಯರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಎಷ್ಟು ಬಾಗಿಲು ಬಡಿದು ಸೋತು ಅಲ್ಲಿಗೆ ಬಂದಿದ್ದರೋ. ಅವರಿಗೆ ಹಾಗೆ ಹೇಳಿದವರ ಮೇಲಿನ ಸಿಟ್ಟು ಮಾತ್ರ ಇನ್ನೂ ಆರಿಲ್ಲ.

ಸಂಗಮದಲ್ಲಿ ಐದು ದಾಟಿತು. ನಾನು ಗ್ರಹಣದ ಕನ್ನಡಕ ಹಾಕಿಕೊಂಡೆ. ಬರಿಗಣ್ಣಲ್ಲಿ ನೋಡಿದರೆ ಸುಡುವುದು ಕಣ್ಣಿಗೆ ಗೊತ್ತೇ ಆಗಲ್ಲ, ಅಕ್ಷಿಪಟಲಕ್ಕೆ ನೋವಿನ ನರ ಇಲ್ಲ. ಎಕ್ಸ್‌ರೇ ಫಿಲ್ಮು, ಸಗಣಿ ನೀರು ಇವೆಲ್ಲ ನಂಬಬೇಡಿ. ಸೂರ್ಯನ ಅಂಚಿನಲ್ಲಿ ಇಲಿ ಕಚ್ಚಿದ ಹಾಗೆ ಒಂದು ಚಿಕ್ಕ ಕಡಿತ ಕಂಡಿತು. ಅವ್ವನಿಗೂ ಕೊಟ್ಟೆ. ಅರವತ್ತೆಂಟು ವರ್ಷದಲ್ಲಿ ಅವಳು ಗ್ರಹಣದ ಸೂರ್ಯನನ್ನು ನೇರ ನೋಡಿದ್ದು ಅದೇ ಮೊದಲು. ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಇಷ್ಟೇನಾ?" ಅಂದಳು. ಸ್ವಲ್ಪ ತಡೆದು, "ಭಾಳ ಚಂದ ಅದ" ಅಂತ ಸೇರಿಸಿದಳು.

ನೀರಿಗೆ ಇಳಿದು ಮೂರು ಮುಳುಗು ಹಾಕಿ ಬಂದಾಗ ಅವಳ ಕೈ ನಡುಗುತ್ತಿತ್ತು. ಚಳಿ ಅಂದುಕೊಂಡೆ. ಹಣೆಯಲ್ಲಿ ಬೆವರು ನೋಡಿದ ಮೇಲೆ ಗೊತ್ತಾಯಿತು, ಸಕ್ಕರೆ ಇಳಿದಿದೆ. ಡಬ್ಬಿ ತೆಗೆದೆ. ಅವ್ವ ಬಾಯಿ ಮುಚ್ಚಿಕೊಂಡಳು. "ನಾಳಿ ಸೂರ್ಯನ್ನ ನೋಡಿ ತಿಂತೀನಿ."

ಪಕ್ಕದಲ್ಲಿ ಗುರುಚರಿತ್ರೆ ಪಾರಾಯಣ ಮಾಡುತ್ತಿದ್ದ ವಯಸ್ಸಾದ ಆಚಾರ್ರು ಪುಸ್ತಕಕ್ಕೆ ಅಡ್ಡ ಕಡ್ಡಿ ಇಟ್ಟರು. "ತಾಯಿ, ಬಾಲ, ವೃದ್ಧ, ಆತುರ ಅಂದ್ರ ಜಡ್ಡಿನವರು, ಈ ಮೂವರಿಗೆ ಈ ನೇಮ ಇಲ್ರಿ. ನೀವು ಅದರಾಗ ಎರಡು ಆಗೀರಿ. ಭಿಕ್ಷಾ ಬೇಡೋ ದೇವ್ರ ಊರಾಗ ಹಸಿದು ಬಿದ್ರ ಅವನಿಗೆ ಸಂಕಟ ಆಗ್ತದ" ಅಂದರು. ಗದರಿಸಲಿಲ್ಲ, ಬೇಡಿಕೊಂಡರು. ಅವ್ವ ಅವರ ಕಡೆ ನೋಡಿದಳು, ಮುಳುಗುತ್ತಿದ್ದ ಸೂರ್ಯನ ಕಡೆ ನೋಡಿದಳು. ಬಾಯಿಂದ ಕೈ ತೆಗೆದಳು. ನಾನು ದರ್ಭೆ ಸರಿಸಿ ಹೋಳಿಗೆ ಮುರಿದು ಬಾಯಿಗೆ ಇಟ್ಟೆ. ಮೆಲ್ಲಗೆ ತಿಂದಳು. ಹತ್ತು ನಿಮಿಷಕ್ಕೆ ಬೆವರು ಆರಿತು. ಉಳಿದ ಹೋಳಿಗೆಯನ್ನು ಘಾಟಿನ ಮೇಲೆ ಕೂತವರಿಗೆ ತಾನೇ ಹಂಚಿದಳು. "ದಾನ ನೀಡ್ರೆವ್ವಾ" ಅಂತ ಕೂಗು ಏಳುವ ಮೊದಲೇ ಡಬ್ಬಿ ಖಾಲಿ.

ಬುಧವಾರ ಬೆಳಿಗ್ಗೆ ಅಂಗಳದಲ್ಲಿ ಸೂರ್ಯನಿಗೆ ನೀರು ಬಿಟ್ಟು, ಸಗಣಿಯ ಪಾಂಡವರನ್ನು ಮಾಡಲು ಕೂತಳು. "ಮುಂದಿಂದು ಯಾವಾಗ?" ಅಂತ ಕೇಳಿದಳು. ನಮ್ಮ ಕಡೆ ಸ್ವಲ್ಪ ಕಾಣುವುದು 2027ರ ಆಗಸ್ಟ್ 2ಕ್ಕೆ, ಅವತ್ತು ನಾಗರ ಅಮಾವಾಸ್ಯೆ ಅಂದೆ. "ಆ ಕನ್ನಡಕ ತೆಗೆದಿಡು" ಅಂದಳು.

ತೆಗೆದಿಡಲು ಒಳಗೆ ಹೋದೆ. ಹಾಲಿಗೆ ಅಂತ ಫ್ರಿಡ್ಜ್ ಬಾಗಿಲು ತೆಗೆದರೆ ಮೊಸರಿನ ಮೇಲೆ ದರ್ಭೆ, ಉಪ್ಪಿನಕಾಯಿ ಮೇಲೆ ದರ್ಭೆ, ಕೊನೆಗೆ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಡಬ್ಬಿಯ ಮೇಲೂ ಒಂದು ಎಳೆ ದರ್ಭೆ.