ಬೆಳೆ ಹಬ್ಬದ ಹರಾಜು

ಇವತ್ತು ಚರ್ಚಿನಲ್ಲಿ ಬೆಳೆ ಹಬ್ಬ. ಆರಾಧನೆ ಮುಗಿದ ಮೇಲೆ ಎಂದಿನಂತೆ, ಜನ ಕಾಣಿಕೆಯಾಗಿ ತಂದದ್ದರ ಹರಾಜು. ಬಾಳೆಗೊನೆ, ತೆಂಗಿನಕಾಯಿ, ಕಾಲು ಕಟ್ಟಿದ ನಾಟಿ ಕೋಳಿ. ಒಂದು ಕುಂಬಳಕಾಯಿಗೆ ಇಬ್ಬರು ಹಿರಿಯರು ಜಿದ್ದಿಗೆ ಬಿದ್ದು 3 ಸಾವಿರಕ್ಕೆ ಏರಿಸಿದರು, ಮೈಕಿನಲ್ಲಿ ಹೆಸರು, ಚಪ್ಪಾಳೆ, ಎಲ್ಲ ಆಯಿತು. ಅದರ ಹಿಂದೆಯೇ ಬಂತು ಒಂದು ಕಟ್ಟು ದಂಟಿನ ಸೊಪ್ಪು. ಬೇರಿಗೆ ಇನ್ನೂ ಹಸಿ ಮಣ್ಣು ಅಂಟಿತ್ತು, ಬಾಳೆ ನಾರಿನಲ್ಲಿ ಬಿಗಿಯಾಗಿ ಕಟ್ಟಿದ್ದರು. 20 ರೂಪಾಯಿ, ಮುಗಿಯಿತು. ತಂದವರು ಯಾರು ಅಂತ ಯಾರೂ ಕೇಳಲಿಲ್ಲ.

ಬೈಬಲಿನ ಮಾರ್ಕನ ಸುವಾರ್ತೆ 12ನೇ ಅಧ್ಯಾಯದ ಬಡ ವಿಧವೆ ನೆನಪಾದಳು, ದೇವಾಲಯದ ಕಾಣಿಕೆ ಪೆಟ್ಟಿಗೆಗೆ ತನ್ನಲ್ಲಿದ್ದ ಎರಡೇ ಕಾಸು ಹಾಕಿದವಳು. ಆ ಭಾಗವನ್ನು ನಮ್ಮಲ್ಲಿ ಕಾಣಿಕೆ ಜಾಸ್ತಿ ಬರಲಿ ಅಂತಲೇ ಓದುವುದು, ಅಲ್ವಾ? ಆದರೆ ಸುಮ್ನೆ ಒಂದು ವಚನ ಹಿಂದೆ ಹೋಗಿ ನೋಡಿ, ವಿಧವೆಯರ ಮನೆಗಳನ್ನೇ ನುಂಗುವ ಶಾಸ್ತ್ರಿಗಳನ್ನು, ಅಂದರೆ ಆ ಕಾಲದ ಯೆಹೂದಿ ಧರ್ಮಬೋಧಕರನ್ನು, ಯೇಸು ಸ್ವಾಮಿ ತರಾಟೆಗೆ ತೆಗೆದುಕೊಳ್ಳುತ್ತಾರೆ. ಎರಡನ್ನೂ ಸೇರಿಸಿ ಓದಿದರೆ ಅವಳು ಎಷ್ಟು ಕೊಟ್ಟಳು ಅನ್ನುವುದರ ಜೊತೆಗೆ ಅವಳ ಕೈಯಲ್ಲಿ ಉಳಿದಿದ್ದೇ ಅಷ್ಟು ಯಾಕೆ ಅನ್ನುವ ಪ್ರಶ್ನೆಯೂ ಏಳುತ್ತದೆ. ಇದರ ಮೇಲೆ ಚರ್ಚಿನಲ್ಲಿ ಬೋಧನೆ ಕೇಳಿದ ನೆನಪಿಲ್ಲ ಬಿಡಿ.

ಹರಾಜಿನ ದುಡ್ಡಿನಲ್ಲಿ ಕಾಂಪೌಂಡ್ ಗೋಡೆಗೆ ಎಷ್ಟು ಅಂತ ಬೋರ್ಡಿನಲ್ಲಿ ಬರೆದಿದ್ದಾರೆ. ನಮ್ಮ ಚರ್ಚಿನ ವಿಧವೆಯರಿಗೆ ಎಷ್ಟು ಅಂತ ಮುಂದಿನ ಮೀಟಿಂಗಿನಲ್ಲಿ ಕೇಳಬೇಕು ಅಂದುಕೊಂಡಿದ್ದೇನೆ. ಜೊತೆಗೆ ಯಾರು ಬರುತ್ತೀರಿ?